ಬಲಗೈಯ ನರ, ಎಡಗೈಯ ಬೆರಳು: ಕೊಡಗಿನ ಸಿದ್ದಾಪುರ ಕಡೆಯ ತೋಟವೊಂದರಿಂದ ಪ್ರಕರಣ ಅಧ್ಯಯನ

ಮರಗಸಿ (ನೆರಳು ಮರಗಳ ಕೊಂಬೆ ಕಡಿಯುವ ಕೆಲಸ) ಮಾಡುವಾಗ ಕತ್ತಿ ತಾಗಿ ಬೆರಳು ಮಡಚಲಾಗದೆ ಹೋದ ತೋಟ ಕಾರ್ಮಿಕರೊಬ್ಬರಿಗೆ ಅವರದೇ ಇನ್ನೊಂದು ಕೈಯಿಂದ ಒಂದು ‘ನರ’ ತೆಗೆದು ಜೋಡಿಸಿದರು. ತೆಗೆದ ಕೈಗೆ ಏನೂ ಆಗಲಿಲ್ಲ. ಘಟನೆ ಇಷ್ಟೇ. ಆದರೆ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುವ ಮೊದಲು ಆ ಮನೆಯಲ್ಲಿ ಎದ್ದ ಒಂದು ಪ್ರಶ್ನೆ, ಅವರ ಮಗಳ ಜೊತೆ ನಾನು ವಿಜ್ಞಾನ ಕಲಿಸುವ ಹತ್ತನೇ ತರಗತಿಗೆ ಬಂತು. ಮನುಷ್ಯನ ವಿಕಾಸದ ಬಗ್ಗೆ ನಾನು ಕಲಿಸಿದ ಪಾಠಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಆ ಪ್ರಶ್ನೆಯಿಂದ ಹುಟ್ಟಿತು. ಅವಶೇಷಾಂಗಗಳನ್ನು, ಅಂದರೆ ಪೂರ್ವಜರಲ್ಲಿದ್ದ ಮೂಲ ಕೆಲಸ ಕಳೆದುಕೊಂಡೂ ದೇಹದಲ್ಲಿ ಉಳಿದ ಅಂಗಗಳನ್ನು, ವಿಕಾಸಕ್ಕೆ ಪುರಾವೆ ಅನ್ನುತ್ತೇವಲ್ಲ, ಅದು ಯಾವ ಆಧಾರದ ಮೇಲೆ ಪುರಾವೆ ಎಂಬುದನ್ನು ಈ ಒಂದು ಪ್ರಕರಣದ ಮೂಲಕವೇ ಬಿಡಿಸಿ ಇಡಬಹುದು ಅನ್ನಿಸಿ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಪಡೆದಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ಪೆಟ್ಟು

ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಕಾಫಿ ತೋಟಗಳಲ್ಲಿ ನೆರಳು ಮರಗಳ ಕೊಂಬೆ ಕಡಿಸಿ ಮುಗಿಸುವ ಗಡಿಬಿಡಿ ಇರುತ್ತದೆ. ಸಿಲ್ವರ್, ಹಾಲುವಾಣ ಮರಗಳನ್ನು ಹೆದರದೆ ಹತ್ತುವವರಿಗೆ ಆಗ ಎಲ್ಲ ಕಡೆಯಿಂದಲೂ ಕರೆ. ಇವರು ಹುಡುಗರಾಗಿದ್ದಾಗಿನಿಂದ ಮರ ಹತ್ತಿದವರು. ಎಡಗೈಯಲ್ಲಿ ಕೊಂಬೆ ಹಿಡಿದು ಬಲಗೈಯಿಂದ ಕತ್ತಿ ಬೀಸುವಾಗ ಅಲಗು ಜಾರಿ ಎಡಗೈಯ ನಡುಬೆರಳಿನ ಬುಡಕ್ಕೆ, ಅಂಗೈ ಕಡೆಯಿಂದ, ಬಿತ್ತು. ಕೆಳಗಿದ್ದ ಮೇಸ್ತ್ರಿ ಕಾಫಿಪುಡಿ ಒತ್ತಿ ಬಟ್ಟೆ ಕಟ್ಟಿದರು. ಹತ್ತಿರದ ಕ್ಲಿನಿಕ್ಕಿನಲ್ಲಿ ಟಿಟಿ ಇಂಜೆಕ್ಷನ್ ಕೊಟ್ಟು ಚರ್ಮಕ್ಕೆ ಹೊಲಿಗೆ ಹಾಕಿ ಕಳಿಸಿದರು. ಗಾಯ ಮಾಯಿತು. ಬೆರಳು ಮಾತ್ರ ನೆಟ್ಟಗೇ ಉಳಿಯಿತು.

ಹೆಬ್ಬೆರಳು ಬಿಟ್ಟು ಉಳಿದ ಪ್ರತಿ ಬೆರಳನ್ನು ಮಡಚುವುದಕ್ಕೆ ಅಂಗೈ ಕಡೆಯಿಂದ ಎರಡು ಸ್ನಾಯುರಜ್ಜುಗಳು ಹೋಗುತ್ತವೆ. ಊರಲ್ಲಿ ನಾವು ಇವನ್ನೂ ನರ ಅಂತಲೇ ಕರೆಯುತ್ತೇವೆ. ಆದರೆ ಇವು ಸಂಕೇತ ಒಯ್ಯುವ ನಿಜವಾದ ನರಗಳಲ್ಲ, ಮಾಂಸಖಂಡವನ್ನು ಮೂಳೆಗೆ ಕಟ್ಟುವ ಬಿಳಿ ಹುರಿಗಳು. ಬೆರಳಿನೊಳಗೆ ಅವು ಬಹಳ ಇಕ್ಕಟ್ಟಾದ ಒಂದು ಕೊಳವೆಯಲ್ಲಿ ಜಾರುತ್ತವೆ. ಕಡಿದ ಕೂಡಲೇ ಮೇಲಿನ ತುದಿಯನ್ನು ಮಾಂಸಖಂಡ ಅಂಗೈ ಒಳಕ್ಕೆ ಎಳೆದುಕೊಂಡುಬಿಡುತ್ತದೆ. ಮೊದಲ ಕೆಲವು ದಿನಗಳಲ್ಲೇ ಹುಡುಕಿ ಹೊಲಿದರೆ ಸರಿ. ತಿಂಗಳುಗಟ್ಟಲೆ ಬಿಟ್ಟರೆ ಖಾಲಿ ಕೊಳವೆ ಕುಗ್ಗಿ, ಒಳಗೆಲ್ಲ ಗಾಯದ ಕಲೆ ಕಟ್ಟಿ, ನೇರವಾಗಿ ಜೋಡಿಸುವುದು ಆಗದ ಮಾತಾಗುತ್ತದೆ. ತೋಟದಲ್ಲಿ ಕೈಗೆ ಕತ್ತಿ ತಾಗಿದಾಗ ರಕ್ತ ನಿಂತರೆ ಸಾಕು ಅಂದುಕೊಳ್ಳುವವರು ಬಹಳ. ರಕ್ತ ನಿಂತ ಮೇಲೆ ಬೆರಳಿನ ಒಂದೊಂದು ಗಂಟನ್ನೂ ಬೇರೆಬೇರೆಯಾಗಿ ಮಡಚಿ ನೋಡಲೇಬೇಕು. ಮೇಸ್ತ್ರಿಗಳಿಗೆ, ತೋಟದ ಲೆಕ್ಕ ಬರೆಯುವ ರೈಟರುಗಳಿಗೆ ಈ ಒಂದು ವಿಷಯ ಹೇಳಿಕೊಟ್ಟರೆ ಎಷ್ಟೋ ಬೆರಳು ಉಳಿಯುತ್ತವೆ.

ನವೆಂಬರಿನಲ್ಲಿ, ಕುಯ್ಲಿಗೆ ಮೊದಲು, ಇವರು ಜಿಲ್ಲೆಯ ಹೊರಗಿನ ದೊಡ್ಡ ಆಸ್ಪತ್ರೆಗೆ ಹೋದರು. ಎರಡು ಹಂತದ ಶಸ್ತ್ರಚಿಕಿತ್ಸೆ ಆಗಬೇಕು ಅಂದರು. ಮೊದಲು ಬೆರಳಿನೊಳಗೆ ಸಿಲಿಕೋನ್ ಕಡ್ಡಿ ಇಟ್ಟು ಅದರ ಸುತ್ತ ಹೊಸ ಕೊಳವೆ ಬೆಳೆಯಲು ಬಿಡುವುದು. ಮೂರು ತಿಂಗಳ ಆಸುಪಾಸಿನಲ್ಲಿ ಕಡ್ಡಿ ತೆಗೆದು ಆ ಜಾಗದಲ್ಲಿ ದೇಹದ ಬೇರೆ ಕಡೆಯಿಂದ ತಂದ ಸ್ನಾಯುರಜ್ಜನ್ನು ಕೂರಿಸುವುದು. ಎಲ್ಲಿಂದ ತರುವುದು? ಮುಂಗೈಯಿಂದ. ವೈದ್ಯರು ಇವರಿಗೆ ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ ಮಣಿಕಟ್ಟು ಸ್ವಲ್ಪ ಮಡಚಲು ಹೇಳಿದರು. ಎಡಗೈಯಲ್ಲಿ ಏನೂ ಕಾಣಲಿಲ್ಲ. ಬಲಗೈಯ ಮಣಿಕಟ್ಟಿನ ನಟ್ಟನಡುವೆ ಚರ್ಮದಡಿ ಒಂದು ಹುರಿ ಎದ್ದು ನಿಂತಿತು. “ಎಡಗೈಯಲ್ಲಿ ನಿಮಗೆ ಇದು ಹುಟ್ಟಿನಿಂದಲೇ ಇಲ್ಲ. ಬಲಗೈದು ತೆಗೀತೀವಿ, ತೆಗೆದ್ರೆ ತೊಂದರೆ ಇಲ್ಲ” ಅಂದರು.

ಮನೆಗೆ ಬಂದ ಮೇಲೆ ಯಾರಿಗೂ ನಿದ್ದೆ ಇಲ್ಲ. ಬಲಗೈ ಅಂದರೆ ಕತ್ತಿ ಹಿಡಿಯುವ ಕೈ. ಕೆಟ್ಟ ಕೈ ಸರಿಮಾಡಲು ಚೆನ್ನಾಗಿರುವ ಕೈ ಕೊಯ್ಯುತ್ತಾರಂತೆ ಅನ್ನುವ ಮಾತು ಲೈನ್ ಮನೆಗಳಲ್ಲೆಲ್ಲ ಹರಡಿತು. ಮರುದಿನ ಮಗಳು ತರಗತಿಯಲ್ಲಿ ಎದ್ದು ನಿಂತು ಕೇಳಿದಳು: “ಸಾರ್, ಬೇಡದ ನರ ಆದ್ರೆ ಅದು ಯಾಕೆ ಇರ್ಬೇಕು? ಇದೆ ಅಂದ್ಮೇಲೆ ಬೇಕು ಅಂತ ಅಲ್ವಾ?”

ಆ ಹುಡುಗಿ ಕೇಳಿದ್ದು ಅಪ್ಪನ ಕೈ ಬಗ್ಗೆ. ಆದರೆ ಆ ಎರಡು ವಾಕ್ಯಗಳಲ್ಲಿ ಅವಶೇಷಾಂಗಗಳ ಕುರಿತ ನೂರೈವತ್ತು ವರ್ಷಗಳ ಚರ್ಚೆಯೇ ಅಡಗಿದೆ.

ತರಗತಿಯಲ್ಲಿ

ಆ ಹುರಿ ಪಾಲ್ಮಾರಿಸ್ ಲಾಂಗಸ್ ಎಂಬ ಮಾಂಸಖಂಡದ್ದು. ಮೊಣಕೈಯ ಒಳಬದಿಯ ಮೂಳೆಯಿಂದ ಹೊರಟು, ಮುಂಗೈಯ ಅರ್ಧದಲ್ಲೇ ಮಾಂಸ ಮುಗಿದು, ಉದ್ದನೆಯ ತೆಳು ಹುರಿಯಾಗಿ ಮಣಿಕಟ್ಟು ದಾಟಿ ಅಂಗೈಯ ಚರ್ಮದಡಿಯ ಗಟ್ಟಿ ಪೊರೆಗೆ ಸೇರುತ್ತದೆ. ಅಂಗೈ ಚರ್ಮವನ್ನು ಸ್ವಲ್ಪ ಬಿಗಿಮಾಡುವುದು, ಮಣಿಕಟ್ಟು ಮಡಚಲು ತುಸು ಕೈಜೋಡಿಸುವುದು ಇದರ ಕೆಲಸ. ಮಣಿಕಟ್ಟು ಮಡಚುವ ಮುಖ್ಯ ಕೆಲಸಕ್ಕೆ ಅಕ್ಕಪಕ್ಕದಲ್ಲಿ ಬೇರೆ ಎರಡು ದಪ್ಪ ಮಾಂಸಖಂಡಗಳಿವೆ. ಬೆರಳು ಮಡಚುವುದು ಆಳದಲ್ಲಿರುವ ಇನ್ನೆರಡರ ಕೆಲಸ. ಹಿಡಿತ ಬರುವುದು ಇವುಗಳಿಂದ.

ವೈದ್ಯರು ಮಾಡಿಸಿದ ಪರೀಕ್ಷೆಗೆ ಶೇಫರ್ ಪರೀಕ್ಷೆ ಎಂದು ಹೆಸರು, 1909ರಿಂದ ಬಳಕೆಯಲ್ಲಿದೆ. ಉಪಕರಣ ಏನೂ ಬೇಡ. ನಮ್ಮ ತರಗತಿಯಲ್ಲಿ ಎಲ್ಲರೂ ಮಾಡಿದರು. ಹೆಚ್ಚಿನವರಿಗೆ ಎರಡೂ ಕೈಯಲ್ಲಿ ಹುರಿ ಎದ್ದು ಕಂಡಿತು. ಕೆಲವರಿಗೆ ಒಂದೇ ಕೈಯಲ್ಲಿ. ಎರಡೂ ಕೈಯಲ್ಲಿ ಇಲ್ಲದವರೂ ಇದ್ದರು. ಅವರಲ್ಲಿ ಒಬ್ಬ ನಮ್ಮ ಶಾಲಾ ಹಾಕಿ ತಂಡದ ಫುಲ್‌ಬ್ಯಾಕ್. ಸ್ಟಿಕ್ಕಿನ ಮೇಲೆ ಅವನ ಹಿಡಿತ ಎಂಥದ್ದೆಂದು ಎದುರಾಳಿ ತಂಡದವರನ್ನೇ ಕೇಳಬೇಕು. ಆಮೇಲೆ ಬಿಪಿ ನೋಡುವ ಉಪಕರಣದ ಪಟ್ಟಿಯನ್ನು ಸುರುಳಿ ಸುತ್ತಿ, ಸ್ವಲ್ಪ ಗಾಳಿ ತುಂಬಿ, ಒಬ್ಬೊಬ್ಬರಿಂದಲೂ ಹಿಸುಕಿಸಿ ಮುಳ್ಳು ಎಲ್ಲಿಗೆ ಏರುತ್ತದೆಂದು ನೋಡಿದೆವು. ಹುರಿ ಇದ್ದವರು, ಇಲ್ಲದವರು ಎಂಬ ಭೇದ ಅಲ್ಲಿ ಕಾಣಲಿಲ್ಲ. ಒಂದು ತರಗತಿಯ ಮಕ್ಕಳಿಂದ ಏನೂ ಸಾಬೀತಾಗುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಆದರೆ ನೂರಾರು ಜನರ ಕೈ ಹಿಡಿತವನ್ನು ಸರಿಯಾದ ಉಪಕರಣದಿಂದ ಅಳೆದ ಅಧ್ಯಯನಗಳೂ ಇದನ್ನೇ ಹೇಳಿವೆ: ಈ ಸ್ನಾಯು ಇಲ್ಲದವರ ಹಿಡಿತ ಗಮನಿಸುವಷ್ಟು ಕಡಿಮೆ ಇರುವುದಿಲ್ಲ. ಲೋಕದಲ್ಲಿ ನೂರಕ್ಕೆ ಸುಮಾರು 15 ಜನರಿಗೆ ಇದು ಒಂದು ಕೈಯಲ್ಲೋ ಎರಡರಲ್ಲೋ ಇರುವುದಿಲ್ಲ ಎಂದು ವೈದ್ಯಕೀಯ ಪುಸ್ತಕಗಳಲ್ಲಿ ಬರೆದಿರುತ್ತಾರೆ. ಆದರೆ ಜನಸಮುದಾಯದಿಂದ ಜನಸಮುದಾಯಕ್ಕೆ ಈ ಪ್ರಮಾಣ ಬದಲಾಗುತ್ತದೆ. ಚೀನೀಯರಲ್ಲಿ ನೂರಕ್ಕೆ 5ರ ಆಸುಪಾಸು ಮಾತ್ರ.

ಪರೀಕ್ಷೆ ಮಾಡಿಸುವ ಶಿಕ್ಷಕರಿಗೆ ಒಂದು ಎಚ್ಚರಿಕೆ. ಮಧ್ಯಾಹ್ನದ ಬಿಡುವಿನಲ್ಲೇ ಹುಡುಗರು ಒಬ್ಬರನ್ನೊಬ್ಬರು ಛೇಡಿಸಲು ಶುರುಮಾಡಿದ್ದರು. ಹುರಿ ಇದ್ದವನು ಮಂಗ, ಇಲ್ಲದವನು ಮುಂದುವರಿದ ಮನುಷ್ಯ. ಮೊಬೈಲಿನಲ್ಲಿ ಓಡಾಡುವ ವಿಡಿಯೋಗಳೂ ಹೀಗೇ ಹೇಳುತ್ತವೆ. ಇದು ಪೂರ್ತಿ ತಪ್ಪು, ಮತ್ತು ಅಪಾಯದ ತಪ್ಪು. ವಿಕಾಸ ಒಂದು ಏಣಿ ಅಲ್ಲ, ಮೇಲಿನ ಮೆಟ್ಟಿಲು ಕೆಳಗಿನ ಮೆಟ್ಟಿಲು ಎಂಬುದು ಅಲ್ಲಿಲ್ಲ. ಈಗ ಬದುಕಿರುವ ಪ್ರತಿಯೊಂದು ಜೀವಿಯೂ ಅಷ್ಟೇ ಕಾಲದಿಂದ ವಿಕಾಸವಾಗುತ್ತ ಬಂದಿದೆ. ಈ ಸ್ನಾಯು ಇರಲಿ ಬಿಡಲಿ, ಅದರಿಂದ ಯಾರ ಬದುಕಿಗೂ, ಮಕ್ಕಳಾಗುವುದಕ್ಕೂ ವ್ಯತ್ಯಾಸ ಇಲ್ಲದ ಕಾರಣಕ್ಕೇ ಕೆಲವರಲ್ಲಿ ಇದೆ, ಕೆಲವರಲ್ಲಿ ಇಲ್ಲ. ಮರುದಿನದ ಪೂರ್ತಿ ಪೀರಿಯಡ್ ಇದಕ್ಕೇ ಕೊಟ್ಟೆ. ಒಬ್ಬರ ದೇಹ ನೋಡಿ ಇನ್ನೊಬ್ಬರು ಮೇಲುಕೀಳು ಅಳೆಯುವುದಕ್ಕೆ ವಿಜ್ಞಾನದ ಹೆಸರು ಬಳಸಿದ ಇತಿಹಾಸ ಲೋಕದಲ್ಲಿ ಸಾಕಷ್ಟಿದೆ. ನಮ್ಮ ಬೆಂಚುಗಳಿಂದ ಅದು ಮತ್ತೆ ಶುರುವಾಗಬಾರದು.

ಗದ್ದೆ ಬದು

ಆ ಭಾನುವಾರ ಹುಡುಗಿಯ ಮನೆಗೆ ಹೋದೆ. ಅಪ್ಪ, ಅಮ್ಮ, ಅಜ್ಜಿ, ಪಕ್ಕದ ಮನೆಯವರು ಎಲ್ಲ ಇದ್ದರು. ಶಸ್ತ್ರಚಿಕಿತ್ಸೆ ಮಾಡಿಸಿ ಅಥವಾ ಬೇಡ ಎಂದು ಹೇಳುವುದು ನನ್ನ ಕೆಲಸ ಅಲ್ಲ. ಅದನ್ನು ವೈದ್ಯರ ಹತ್ತಿರವೇ ಕೇಳಿ ಎಂದೆ. ಆದರೆ ಕೈಯೊಳಗೆ ಏನಿದೆ ಎಂಬುದನ್ನು ತೋರಿಸಬಲ್ಲೆ. ಅವರ ಬಲ ಮುಂಗೈಯ ಮೇಲೆ ಪೆನ್ನಿನಿಂದ ಆ ಹುರಿಯ ಗೆರೆ ಎಳೆದೆ. ಅದರ ಎರಡೂ ಬದಿಗೆ ಮಣಿಕಟ್ಟು ಮಡಚುವ ದೊಡ್ಡ ಹುರಿಗಳನ್ನು ಗುರುತು ಮಾಡಿದೆ. ಕತ್ತಿ ಹಿಡಿದಂತೆ ಮುಷ್ಟಿ ಬಿಗಿ ಮಾಡಿಸಿ ಯಾವ ಯಾವ ಮಾಂಸಖಂಡ ಗಟ್ಟಿಯಾಗುತ್ತದೆ ಎಂದು ಅವರ ಎಡಗೈಯ ಬೆರಳುಗಳಿಂದಲೇ ಮುಟ್ಟಿ ನೋಡಿಕೊಳ್ಳಲು ಹೇಳಿದೆ. “ಮೇಷ್ಟ್ರೇ, ಎಡಗೈಲಿ ಇದು ಮೊದ್ಲಿಂದ್ಲೂ ಇಲ್ಲ ಅಂದ್ರಲ್ಲ, ಆ ಕೈಲೇ ಅಲ್ವಾ ನಾನು ಇಷ್ಟು ವರ್ಷ ಕೊಂಬೆ ಹಿಡ್ಕೊಂಡು ನೇತಾಡಿದ್ದು” ಅಂದರು. ನಾನು ಹೇಳಬೇಕೆಂದಿದ್ದ ಮಾತು ಅವರೇ ಹೇಳಿದ್ದರು.

ಆ ಮಾತಿನಲ್ಲಿ ಇನ್ನೊಂದು ಪಾಠವೂ ಇದೆ. ‘ಬಳಸದೆ ಬಳಸದೆ ಅಂಗ ಸಣ್ಣದಾಯಿತು’ ಎಂದು ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ಬಳಕೆಯಿಂದ ಬೆಳೆಯುವುದಾಗಿದ್ದರೆ ಸಿದ್ದಾಪುರದ ಮರ ಹತ್ತುವವರ ಮಕ್ಕಳಲ್ಲಿ ಈ ಸ್ನಾಯು ದಪ್ಪವಾಗಿ ಇರಬೇಕಿತ್ತು. ಇವರಿಗೇ ಕೊಂಬೆ ಹಿಡಿಯುವ ಕೈಯಲ್ಲಿ ಇಲ್ಲ. ಒಬ್ಬ ಮನುಷ್ಯ ಜೀವಮಾನದಲ್ಲಿ ಮಾಡಿದ ಕೆಲಸ ಮಕ್ಕಳ ದೇಹರಚನೆಗೆ ಹೀಗೆ ಇಳಿಯುವುದಿಲ್ಲ. ನಡೆಯುವುದು ಬೇರೆ: ಅಂಗವೊಂದು ಅನಿವಾರ್ಯವಾಗಿದ್ದ ಕಾಲದಲ್ಲಿ ಅದನ್ನು ಕುಂದಿಸುವ ಆನುವಂಶಿಕ ಬದಲಾವಣೆ ಹೊತ್ತು ಹುಟ್ಟಿದವರು ಹಿಂದೆ ಬೀಳುತ್ತಾರೆ, ಆ ಬದಲಾವಣೆ ಹರಡುವುದಿಲ್ಲ. ಅನಿವಾರ್ಯತೆ ಹೋದ ಮೇಲೆ ಅಂಥ ಬದಲಾವಣೆಗಳಿಗೆ ತಡೆ ಇಲ್ಲ. ತಲೆಮಾರುಗಳ ಉದ್ದಕ್ಕೂ ಸೇರುತ್ತ ಹೋಗುತ್ತವೆ. ಅಂಗ ಒಮ್ಮೆಗೇ ಮಾಯವಾಗುವುದಿಲ್ಲ. ಕೆಲವರಲ್ಲಿ ದೊಡ್ಡದು, ಕೆಲವರಲ್ಲಿ ಸಣ್ಣದು, ಕೆಲವರಲ್ಲಿ ಇಲ್ಲ ಎಂಬ ಸ್ಥಿತಿಗೆ ಬರುತ್ತದೆ. ಬೆರಳು ಮಡಚುವ ಆಳದ ಸ್ನಾಯುವಿನಲ್ಲಿ ಹೀಗೆ ‘ಕೆಲವರಿಗೆ ಇದೆ, ಕೆಲವರಿಗೆ ಇಲ್ಲ’ ಎಂಬ ಮಾತೇ ಇಲ್ಲ.

ಅಜ್ಜಿಯ ಪ್ರಶ್ನೆ ಮಗಳದ್ದೇ: ಕೆಲಸಕ್ಕೆ ಬಾರದ್ದು ಯಾಕೆ ಉಳಿದಿದೆ? ಉತ್ತರ ಕೊಟ್ಟವರು ಮತ್ತೆ ಅಪ್ಪನೇ. ಅವರು ಕೆಲಸ ಮಾಡುವ ತೋಟದ ತಗ್ಗಿನಲ್ಲಿ ಮೊದಲು ಭತ್ತದ ಗದ್ದೆ ಇತ್ತು. ಈಗ ಅಡಿಕೆ, ನಡುವೆ ಕಾಫಿ. ಆದರೆ ಗದ್ದೆಯ ಬದುಗಳು ಅಡಿಕೆ ಮರಗಳ ನಡುವೆ ಹಾಗೇ ಮೆಟ್ಟಿಲು ಮೆಟ್ಟಿಲಾಗಿ ನಿಂತಿವೆ. “ಅಡಿಕೆ ಹಾಕೋಕೆ ಯಾರೂ ಬದು ಕಟ್ಟಲ್ಲ. ಅದು ಗದ್ದೆದು. ಈಗ ಮಣ್ಣು ಕೊಚ್ಚಿ ಹೋಗದ ಹಾಗೆ ನಿಲ್ಸುತ್ತೆ, ಅದಕ್ಕೆ ಕೀಳ್ಲಿಲ್ಲ, ಅಷ್ಟೇ” ಅಂದರು.

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಆ ಬದು ಈಗ ಉಪಯೋಗಕ್ಕೆ ಬರುತ್ತಿದೆ. ಆದರೂ ಅದು ಗದ್ದೆಯ ಕುರುಹು. ಅದರ ಆಕಾರ, ಅದರ ಮಟ್ಟ, ನೀರು ಬಿಡಲು ಬಿಟ್ಟ ಕಂಡಿ, ಇವೆಲ್ಲ ಅಡಿಕೆಯ ಲೆಕ್ಕಕ್ಕೆ ಕೂಡುವುದಿಲ್ಲ, ಭತ್ತದ ಲೆಕ್ಕಕ್ಕೆ ಕೂಡುತ್ತವೆ. ಪಕ್ಕದ ಊರಿನಲ್ಲಿ ಇನ್ನೂ ನಾಟಿ ನಡೆಯುವ ಗದ್ದೆಯ ಬದುವಿನ ಜೊತೆ ಹೋಲಿಸಿದರೆ ಸಾಕು. ಅವಶೇಷಾಂಗ ಅಂದರೆ ‘ಉಪಯೋಗವಿಲ್ಲದ ಅಂಗ’ ಎಂದು ನಾವು ಬಾಯಿಪಾಠ ಮಾಡಿಸುತ್ತೇವಲ್ಲ, ಪಾಠ ದಾರಿ ತಪ್ಪುವುದು ಅಲ್ಲೇ. ಪೂರ್ವಜರಲ್ಲಿ ಮಾಡುತ್ತಿದ್ದ ಮೂಲ ಕೆಲಸವನ್ನು ಕಳೆದುಕೊಂಡ ಅಥವಾ ಬಹುಮಟ್ಟಿಗೆ ಕಳೆದುಕೊಂಡ ಅಂಗ ಎನ್ನಬೇಕು. ಸಣ್ಣಪುಟ್ಟ ಬೇರೆ ಕೆಲಸ ಅದಕ್ಕೆ ಇರಬಹುದು, ಇಲ್ಲದೆಯೂ ಇರಬಹುದು. ಪುರಾವೆ ಇರುವುದು ನಿರುಪಯೋಗದಲ್ಲಿ ಅಲ್ಲ, ಹೋಲಿಕೆಯಲ್ಲಿ.

1893ರಲ್ಲಿ ಜರ್ಮನಿಯ ಅಂಗರಚನಾ ವಿಜ್ಞಾನಿ ರಾಬರ್ಟ್ ವೀಡರ್ಸ್‌ಹೈಮ್ ಮನುಷ್ಯನ ದೇಹದ ಇಂಥ ಅಂಗಗಳ ಉದ್ದನೆಯ ಪಟ್ಟಿಯನ್ನೇ ಕೊಟ್ಟಿದ್ದರು. ಅದರಲ್ಲಿದ್ದ ಕೆಲವು ಗ್ರಂಥಿಗಳಿಗೆ ಮುಖ್ಯವಾದ ಕೆಲಸಗಳಿವೆ ಎಂದು ಆಮೇಲೆ ತಿಳಿಯಿತು. ‘ನೋಡಿ, ವಿಕಾಸವಾದ ಬಿದ್ದುಹೋಯಿತು’ ಎಂದು ಆಗ ಹೇಳಿದವರಿದ್ದರು, ಈಗಲೂ ಇದ್ದಾರೆ. ವ್ಯಾಖ್ಯೆಯನ್ನು ನಿರುಪಯೋಗದ ಮೇಲೆ ಕಟ್ಟಿದರೆ ಹೊಸ ಉಪಯೋಗ ಸಿಕ್ಕಾಗಲೆಲ್ಲ ಪುರಾವೆ ಕುಸಿದಂತೆ ಕಾಣುತ್ತದೆ. ಹೋಲಿಕೆಯ ಮೇಲೆ ಕಟ್ಟಿದರೆ ಅದು ಅಲುಗುವುದಿಲ್ಲ.

ಹೆಬ್ಬಾವಿನ ಉಗುರು

ಈ ಮಾತನ್ನು ಮಕ್ಕಳಿಗೆ ಕಣ್ಣಾರೆ ಕಾಣಿಸುವ ಅವಕಾಶ ಅದೇ ತಿಂಗಳು ತಾನಾಗಿ ಬಂತು. ಶಾಲೆಯ ಹಿಂದಿನ ಗದ್ದೆಯಂಚಿನ ಕಟ್ಟಿಗೆ ರಾಶಿಯಲ್ಲಿ ಒಂದು ಹೆಬ್ಬಾವು ಸಿಕ್ಕಿತು. ಅರಣ್ಯ ಇಲಾಖೆಯವರ ಜೊತೆ ಬಂದ ಹಾವು ಹಿಡಿಯುವವರು ಅದನ್ನು ಚೀಲಕ್ಕೆ ಬಿಡುವ ಮೊದಲು ಮಕ್ಕಳನ್ನು ದೂರ ನಿಲ್ಲಿಸಿ ಬಾಲದ ಬುಡವನ್ನು ಮಗುಚಿ ತೋರಿಸಿದರು. ಮಲದ್ವಾರದ ಎರಡೂ ಬದಿಯಲ್ಲಿ ಒಂದೊಂದು ಉಗುರು. ಕಪ್ಪು ಛಾಯೆಯ, ಸ್ವಲ್ಪ ಬಾಗಿದ, ಎಳೆ ಹುಂಜದ ಕಾಲಿನ ಮುಳ್ಳಿನಷ್ಟು ದೊಡ್ಡದು. ಹಾವಿಗೆ ಉಗುರು ಯಾಕೆ ಎಂದು ಎಲ್ಲರೂ ಒಟ್ಟಿಗೆ ಕೇಳಿದರು.

ಅದು ಹಿಂಗಾಲು. ಚರ್ಮದ ಒಳಗೆ ಸೊಂಟದ ಮೂಳೆಯ ಮತ್ತು ತೊಡೆಮೂಳೆಯ ಚೂರುಗಳಿವೆ. ಹೊರಗೆ ಕಾಣುವುದು ಅದರ ತುದಿ. ಗಂಡಿನಲ್ಲಿ ಈ ಉಗುರು ದೊಡ್ಡದು, ಕೂಡುವ ಕಾಲದಲ್ಲಿ ಹೆಣ್ಣಿನ ಮೈಯನ್ನು ಕೆರೆದು ಹಿಡಿಯಲು ಬಳಸುತ್ತದೆ. ಅಂದರೆ ಅದಕ್ಕೆ ಕೆಲಸ ಇದೆ. ಆದರೆ ಬರೀ ಕೆರೆಯುವುದಕ್ಕೆ ಸೊಂಟದ ಮೂಳೆ, ತೊಡೆಮೂಳೆ ಯಾಕೆ ಬೇಕು? ನಾಲ್ಕು ಕಾಲಿನ ಪೂರ್ವಜರಿಂದ ಬಂದ ಹಾವಿನಲ್ಲಿ ಮಾತ್ರ ಆ ಮೂಳೆಗಳಿಗೆ ಅರ್ಥ ಇದೆ. ಹಿಂಗಾಲುಗಳಿದ್ದ ಹಾವುಗಳ ಪಳೆಯುಳಿಕೆಗಳೂ ಸಿಕ್ಕಿವೆ. ನಾಗರಹಾವು, ಕೇರೆಹಾವುಗಳಲ್ಲಿ ಈ ಚೂರುಗಳೂ ಉಳಿದಿಲ್ಲ. ಹಿಂದಿನ ದಿನ ‘ಉಪಯೋಗ ಇದ್ದರೆ ಅವಶೇಷ ಹೇಗಾಗುತ್ತದೆ ಸಾರ್’ ಎಂದು ವಾದ ಮಾಡಿದ್ದ ಹುಡುಗ ಹಾವನ್ನು ಚೀಲಕ್ಕೆ ಹಾಕಿದ ಮೇಲೂ ಅಲ್ಲೇ ನಿಂತಿದ್ದ.

ಈಗ ಮುಂಗೈಗೆ ಇದೇ ಹೋಲಿಕೆ ಹಚ್ಚಬೇಕು. ಕೊಂಬೆ ಹಿಡಿದು ಓಡಾಡುವ ವಾನರಗಳ ಮುಂಗೈಯಲ್ಲಿ ಇದೇ ಮಾಂಸಖಂಡ ಇದೇ ಜಾಗದಲ್ಲಿ ಇದೆ: ಅದೇ ಮೂಳೆಯಿಂದ ಹುಟ್ಟಿ, ಅದೇ ಅಂಗೈ ಪೊರೆಗೆ ಸೇರಿ, ಅದೇ ನರದಿಂದ ಸಂಕೇತ ಪಡೆಯುತ್ತದೆ. ಜೀವಮಾನ ಪೂರ್ತಿ ಮರದ ಮೇಲೆ ಕಳೆಯುವ ಒರಾಂಗುಟನ್‌ನಲ್ಲಿ ಇದು ತಪ್ಪದೆ ಇರುತ್ತದೆ. ನೆಲದ ಮೇಲೆ ಹೆಚ್ಚು ನಡೆಯುವ ಚಿಂಪಾಂಜಿಗಳಲ್ಲಿ ಕೆಲವಕ್ಕೆ ಇಲ್ಲ. ಗೊರಿಲ್ಲಾಗಳಲ್ಲಿ ಬಹುಪಾಲಿಗೆ ಇಲ್ಲ. ಮನುಷ್ಯರಲ್ಲಿ ಕೆಲವರಿಗೆ ಇಲ್ಲ. ನಮ್ಮ ಒಂದು ಜಾತಿಯನ್ನು ಮಾತ್ರ ನೋಡಿದರೆ ಇದು ವಿಚಿತ್ರ ಅನ್ನಿಸುತ್ತದೆ. ಬಂಧುಗಳ ಸಾಲಿನಲ್ಲಿ ಇಟ್ಟರೆ ಒಂದು ಕಥೆ ಓದಿಸಿಕೊಂಡು ಹೋಗುತ್ತದೆ.

ಕಾಲಿನಲ್ಲೂ ಇದರ ಜೋಡಿ ಇದೆ. ಮೀನಖಂಡದ ಒಳಗೆ ಪ್ಲಾಂಟಾರಿಸ್ ಎಂಬ ಪುಟ್ಟ ಮಾಂಸಖಂಡ, ಅದಕ್ಕೆ ಹಿಮ್ಮಡಿಯವರೆಗೆ ಇಳಿಯುವ ಬಲು ಉದ್ದನೆಯ ತೆಳು ಹುರಿ. ಕಾಲಿನಿಂದಲೂ ಕೊಂಬೆ ಹಿಡಿಯುವ ಮಂಗಗಳಲ್ಲಿ ಇದು ಅಂಗಾಲಿನ ಪೊರೆಗೆ ಸೇರಿ ಹಿಡಿತಕ್ಕೆ ನೆರವಾಗುತ್ತದೆ. ನಮ್ಮಲ್ಲಿ ಹಿಮ್ಮಡಿಯ ಮೂಳೆಗೇ ನಿಂತುಬಿಟ್ಟಿದೆ. ಕೆಲವರಿಗೆ ಪೂರ್ತಿ ಇಲ್ಲ. ಮುಂಗೈಯಲ್ಲಿ ಹುರಿ ಸಿಗದಿದ್ದರೆ, ಅಥವಾ ಇನ್ನೂ ಉದ್ದದ್ದು ಬೇಕಾದರೆ, ಶಸ್ತ್ರವೈದ್ಯರು ಕೈಹಾಕುವುದು ಇದಕ್ಕೇ.

‘ದೇವರು ಇಟ್ಟ ಸ್ಪೇರ್’

ನಮ್ಮ ಶಾಲೆಯ ಹಿರಿಯ ಶಿಕ್ಷಕರೊಬ್ಬರು, ನಾನು ಗೌರವಿಸುವವರು, ಸ್ಟಾಫ್ ರೂಮಿನಲ್ಲಿ ಒಂದು ಮಾತು ಹೇಳಿದರು. “ಒಂದು ಬೆರಳು ಹೋದ್ರೆ ಇರಲಿ ಅಂತ ಭಗವಂತ ಇನ್ನೊಂದು ಹುರಿ ಮೊದಲೇ ಇಟ್ಟಿದ್ದಾನೆ ಅಂತ ಯಾಕೆ ತಿಳ್ಕೋಬಾರ್ದು?” ಶಸ್ತ್ರಚಿಕಿತ್ಸೆಗೆ ಅಷ್ಟು ಒಗ್ಗುವ ಹುರಿಯನ್ನು ನೋಡಿದರೆ ಯಾರಿಗಾದರೂ ಹಾಗೆ ಅನ್ನಿಸುವುದು ಸಹಜ. ಅವರ ಭಕ್ತಿಯ ಬಗ್ಗೆ ನನಗೆ ತಕರಾರಿಲ್ಲ, ಅದು ವಿಜ್ಞಾನದ ಪೀರಿಯಡ್ಡಿನಲ್ಲಿ ತೀರ್ಮಾನ ಆಗುವ ವಿಷಯವೂ ಅಲ್ಲ. ಆದರೆ ವಿವರಣೆಯಾಗಿ ಅದು ನಿಲ್ಲುವುದಿಲ್ಲ. ಬಿಡಿಭಾಗ ಎಂದೇ ಇಟ್ಟಿದ್ದರೆ ಕೆಲವರಿಗೆ ಮಾತ್ರ ಯಾಕೆ? ಪೆಟ್ಟು ಬಿದ್ದ ಕೈಯಲ್ಲೇ ಇವರಿಗೆ ಯಾಕೆ ಇಲ್ಲ? ಶಸ್ತ್ರಚಿಕಿತ್ಸೆಯೇ ಇಲ್ಲದ ಮಂಗಗಳ ಕೈಯಲ್ಲಿ ಅದೇ ಜಾಗದಲ್ಲಿ ಯಾಕೆ ಇದೆ? ಇನ್ನೊಂದು ವಿಷಯವೂ ಇದೆ. ಈ ಹುರಿಯ ಕೆಳಗೇ ಹೆಬ್ಬೆರಳಿಗೂ ಪಕ್ಕದ ಬೆರಳುಗಳಿಗೂ ಸ್ಪರ್ಶಜ್ಞಾನ ಕೊಡುವ ಮೀಡಿಯನ್ ನರ ಇದೆ. ಹುರಿ ಇಲ್ಲದ ಕೈಯಲ್ಲಿ ಅದೇ ಹುರಿ ಎಂದುಕೊಂಡು ಈ ನರವನ್ನೇ ಕೊಯ್ದ ದುರಂತಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಶೇಫರ್ ಪರೀಕ್ಷೆಯನ್ನು ಮೊದಲೇ ಮಾಡಿಸುವುದು ಈ ಕಾರಣಕ್ಕೆ. ವಿಕಾಸದಲ್ಲಿ ಈ ಅಂಗ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಉಳಿದಿದೆ ಎಂಬ ತಿಳಿವಳಿಕೆ ಪುಸ್ತಕದ ಮಾತಲ್ಲ, ಕೊಯ್ಯುವ ಕೈ ಎಲ್ಲಿ ನಿಲ್ಲಬೇಕು ಎಂಬುದರ ಮಾತು.

ಅಪೆಂಡಿಕ್ಸಿಗೂ ಕೆಲಸ ಇದೆ ಎಂದು ಆ ಹಿರಿಯ ಶಿಕ್ಷಕರು ಹೇಳಿದ್ದು ಮಾತ್ರ ಸರಿಯಿತ್ತು. ಅಪೆಂಡಿಕ್ಸ್ ನಿರುಪಯೋಗಿ ಎಂದು ನಾವು ಇಷ್ಟು ವರ್ಷ ಕಲಿಸಿದೆವು. ಅದರ ಗೋಡೆಯಲ್ಲಿ ರೋಗನಿರೋಧಕ ಅಂಗಾಂಶ ದಟ್ಟವಾಗಿದೆ. ಭೇದಿಯಾಗಿ ಕರುಳು ಖಾಲಿಯಾದ ಮೇಲೆ ಒಳ್ಳೆಯ ಬ್ಯಾಕ್ಟೀರಿಯಾಗಳು ಮತ್ತೆ ಹರಡಲು ಅದು ಆಶ್ರಯ ಕೊಡುತ್ತದೆ ಎಂಬ ವಾದವನ್ನು 2007ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಮುಂದಿಟ್ಟರು. ಹಾಗಾಗಿ ಅಪೆಂಡಿಕ್ಸನ್ನು ಮೊದಲ ಉದಾಹರಣೆಯಾಗಿ ಕೊಡುವುದನ್ನು ನಿಲ್ಲಿಸುವುದೇ ಒಳ್ಳೆಯದು. ನಮ್ಮಲ್ಲಿ ಅದಕ್ಕಿಂತ ಸ್ಪಷ್ಟವಾದವು ಇವೆ. ಬಾಲದ ಮೂಳೆ: ಗರ್ಭದಲ್ಲಿ ನಾಲ್ಕೈದು ವಾರದ ಭ್ರೂಣಕ್ಕೆ ಬಾಲ ಇರುತ್ತದೆ, ಎಂಟನೇ ವಾರದ ಹೊತ್ತಿಗೆ ಕರಗುತ್ತದೆ, ಬುಡದ ಮೂರರಿಂದ ಐದು ಕಶೇರುಮಣಿಗಳು ಬೆಸೆದು ಉಳಿಯುತ್ತವೆ. ಅದಕ್ಕೆ ಈಗ ಸೊಂಟದ ಕೆಳಭಾಗದ ಸ್ನಾಯುಗಳು ಅಂಟಿಕೊಂಡಿವೆ. ಮತ್ತೆ ಅದೇ ಮಾತು, ಕೆಲಸ ಇದೆ, ಆದರೂ ಅದು ಬಾಲ. ಕಿವಿಯ ಸುತ್ತಲಿನ ಸ್ನಾಯುಗಳು ಇನ್ನೊಂದು. 1871ರಲ್ಲೇ ಡಾರ್ವಿನ್ ಇವುಗಳ ಬಗ್ಗೆ ಬರೆದಿದ್ದರು. ದನ ಕಿವಿ ತಿರುಗಿಸುವಂತೆ ತಿರುಗಿಸುವುದು ನಮ್ಮಿಂದಾಗದು. ಆದರೂ ಸದ್ದು ಬಂದ ಕಡೆಯ ಕಿವಿಯ ಸ್ನಾಯುಗಳಲ್ಲಿ ಸಣ್ಣ ವಿದ್ಯುತ್ ಚಟುವಟಿಕೆ ಏಳುತ್ತದೆ ಎಂದು 2020ರಲ್ಲಿ ಜರ್ಮನಿಯ ಸಂಶೋಧಕರು ಅಳೆದು ತೋರಿಸಿದರು.

ನನ್ನನ್ನು ಅತಿ ಹೆಚ್ಚು ಸೆಳೆಯುವ ಅವಶೇಷ ಮಾತ್ರ ಮೈಯಲ್ಲಿ ಕಾಣುವಂಥದ್ದಲ್ಲ. ದನ, ನಾಯಿಗಳು ವಿಟಮಿನ್ ಸಿಯನ್ನು ತಮ್ಮ ಯಕೃತ್ತಿನಲ್ಲೇ ತಯಾರಿಸಿಕೊಳ್ಳುತ್ತವೆ. ನಮಗೆ ಆಗುವುದಿಲ್ಲ, ಆ ತಯಾರಿಕೆಯ ಕೊನೆಯ ಹಂತದ ಕಿಣ್ವವನ್ನು ಮಾಡಬೇಕಾದ ಗುಲೋ ಎಂಬ ವಂಶವಾಹಿ ನಮ್ಮಲ್ಲಿ ಮುರಿದಿದೆ. ಅಳಿದುಹೋಗಿಲ್ಲ. ಅದರ ತುಣುಕುಗಳು ನಮ್ಮ ಎಂಟನೇ ವರ್ಣತಂತುವಿನಲ್ಲಿ ಈಗಲೂ ಇವೆ. ತೋಟಕ್ಕೆ ನುಗ್ಗಿ ಕಿತ್ತಳೆ ಕೀಳುವ ನಮ್ಮ ಮಂಗಗಳಲ್ಲೂ, ಕಾಡಿನ ಮುಸುವಗಳಲ್ಲೂ ಅದೇ ವಂಶವಾಹಿ ಮುರಿದಿದೆ. ಅವಕ್ಕೂ ಕಿತ್ತಳೆಯೋ ಚಿಗುರೋ ಹೊರಗಿನಿಂದ ಬರಬೇಕು. ಆದರೆ ನಮ್ಮ ಕಾಡುಗಳಲ್ಲೇ ಇರುವ ಕಾಡುಪಾಪ (ಮಂಗಗಳ ದೂರದ ಬಂಧುವಾದ ಲೋರಿಸ್) ಸೇರಿರುವ ಶಾಖೆಯ ಪ್ರಾಣಿಗಳು ವಿಟಮಿನ್ ಸಿ ತಯಾರಿಸಬಲ್ಲವು. ಅಂದರೆ ಕಾಡುಪಾಪದ ಶಾಖೆ ಬೇರೆಯಾದ ಮೇಲೆ, ಮಂಗ ಮತ್ತು ಮನುಷ್ಯರ ಶಾಖೆಗಳು ಬೇರೆಯಾಗುವ ಮೊದಲು, ಸುಮಾರು 6 ಕೋಟಿ ವರ್ಷಗಳ ಹಿಂದೆ ಒಮ್ಮೆ ಆದ ಹಾನಿ ಇದು. ಆ ಪೂರ್ವಜರು ಹಣ್ಣು ಎಲೆ ತಿಂದುಕೊಂಡಿದ್ದರಿಂದ ಹಾನಿ ಯಾರನ್ನೂ ಕೊಲ್ಲಲಿಲ್ಲ, ವಂಶದಲ್ಲಿ ಉಳಿಯಿತು. ಈ ಮುರಿದ ತುಣುಕುಗಳಿಂದ ವಿಟಮಿನ್ ತಯಾರಾಗುವುದಿಲ್ಲ. ಇವನ್ನು ‘ಸ್ಪೇರ್’ ಎನ್ನುವುದು ಹೇಗೆ? ಹಿರಿಯರು ಇದಕ್ಕೆ ಏನೂ ಹೇಳಲಿಲ್ಲ. ಆದರೆ ಮರುವಾರ ಅವರೇ ಎಂಟನೇ ತರಗತಿಯ ಮಕ್ಕಳಿಗೆ ಕಿತ್ತಳೆಯ ಈ ಕಥೆ ಹೇಳಿದರೆಂದು ಮಕ್ಕಳಿಂದ ತಿಳಿಯಿತು.

2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟಿತು. ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂದಿದ್ದ ಅಧ್ಯಾಯ ಬರೀ ‘ಅನುವಂಶೀಯತೆ’ ಆಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಇದನ್ನು ವಿರೋಧಿಸಿ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಪಾಠದ ಹೊರೆ ಇಳಿಸಲು ಎಂಬ ಕಾರಣ ನನಗೆ ಒಪ್ಪಿಗೆ ಇಲ್ಲ. ಹತ್ತನೇ ತರಗತಿಯ ನಂತರ ಜೀವಶಾಸ್ತ್ರ ಓದುವ ಮಕ್ಕಳು ನಮ್ಮಂಥ ಶಾಲೆಗಳಲ್ಲಿ ಎಷ್ಟು ಜನ? ಉಳಿದವರಿಗೆ ಇದು ಮತ್ತೆ ಎದುರಾಗುವುದೇ ಇಲ್ಲ, ಎದುರಾದರೂ ಮೊಬೈಲ್ ವಿಡಿಯೋದಲ್ಲಿ. ನಾನು ಅನುವಂಶೀಯತೆಯ ಪಾಠದ ಜೊತೆಗೇ ಇದನ್ನು ಸೇರಿಸಿ ಕಲಿಸುತ್ತೇನೆ. ಮಣಿಕಟ್ಟಿನ ಹುರಿ ಒಬ್ಬರಲ್ಲಿ ಇದೆ, ಒಬ್ಬರಲ್ಲಿ ಇಲ್ಲ ಎಂಬುದು ಆ ಅಧ್ಯಾಯದ ‘ಭಿನ್ನತೆ’ ಎಂಬ ಮಾತಿಗೆ ಬೇಕಾದ ಉದಾಹರಣೆಯೇ.

ಫಲಿತಾಂಶ

ಡಿಸೆಂಬರಿನಲ್ಲಿ ಮೊದಲ ಹಂತ, ಮಾರ್ಚಿನಲ್ಲಿ ಎರಡನೆಯದು ನಡೆಯಿತು. ಬಲ ಮುಂಗೈಯಲ್ಲಿ ಚಿಕ್ಕ ಚಿಕ್ಕ ಅಡ್ಡ ಗಾಯಗಳನ್ನು ಮಾಡಿ ಅಷ್ಟೂ ಉದ್ದದ ಹುರಿಯನ್ನು ಎಳೆದು ತೆಗೆದಿದ್ದರು. ಅಂಗೈಯಿಂದ ಬೆರಳ ತುದಿಯವರೆಗೆ ಅದು ಸಾಕಾಯಿತು. ಬಲಗೈಗೆ ಹೊಲಿಗೆ ಬಿಚ್ಚಿದ ಮೇಲೆ ಬೇರೆ ಚಿಕಿತ್ಸೆ ಬೇಕಾಗಲಿಲ್ಲ. ಎಡಗೈಗೆ ಮಾತ್ರ ವಾರಗಟ್ಟಲೆ ವ್ಯಾಯಾಮ, ಮೊದಲು ಇನ್ನೊಂದು ಕೈಯಿಂದ ಮಡಚುವುದು, ಆಮೇಲೆ ತಾನಾಗಿ. ಆ ವ್ಯಾಯಾಮ ಬಿಟ್ಟರೆ ಹುರಿ ಸುತ್ತಲಿನ ಅಂಗಾಂಶಕ್ಕೆ ಅಂಟಿ ಶಸ್ತ್ರಚಿಕಿತ್ಸೆಯೆಲ್ಲ ವ್ಯರ್ಥವಾಗುತ್ತದೆ ಎಂದು ವೈದ್ಯರು ಹೇಳಿದ್ದನ್ನು ಮಗಳು ಗೋಡೆಯ ಮೇಲೆ ಬರೆದು ಅಂಟಿಸಿದ್ದಳು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ನಡುವೆಯೂ ದಿನಕ್ಕೆ ಹಲವು ಸಲ ಅಪ್ಪನನ್ನು ಕೂರಿಸಿ ಮಾಡಿಸಿದಳು.

ಮುಂದಿನ ಕುಯ್ಲಿನ ಹೊತ್ತಿಗೆ ನೋಡಿದಾಗ ನಡುಬೆರಳು ಅಂಗೈಗೆ ಪೂರ್ತಿ ತಾಗುತ್ತಿರಲಿಲ್ಲ, ಒಂದು ಕಾಫಿ ಹಣ್ಣಿನಷ್ಟು ಅಂತರ ಉಳಿದಿತ್ತು. ಇಂಥ ಶಸ್ತ್ರಚಿಕಿತ್ಸೆಗಳಲ್ಲಿ ಇದು ಒಳ್ಳೆಯ ಫಲಿತಾಂಶವೇ. ಹಣ್ಣು ಕುಯ್ಯಲು, ಬುಟ್ಟಿ ಹಿಡಿಯಲು, ಮೆಣಸಿನ ಏಣಿ ಹಿಡಿಯಲು ತೊಂದರೆ ಇಲ್ಲ. ಬಲಗೈಯಿಂದ ಬಿಪಿ ಪಟ್ಟಿ ಹಿಸುಕಿಸಿದೆ. ಶಸ್ತ್ರಚಿಕಿತ್ಸೆಗೆ ಮೊದಲು ಬರೆದಿಟ್ಟುಕೊಂಡಿದ್ದ ಜಾಗಕ್ಕೇ ಮುಳ್ಳು ಬಂತು. ಎತ್ತರದ ಮರ ಹತ್ತುವುದನ್ನು ಮನೆಯವರೆಲ್ಲ ಸೇರಿ ಬಿಡಿಸಿದ್ದಾರೆ. ಮಗಳು ಪಿಯುಸಿಗೆ ವಿಜ್ಞಾನ ತೆಗೆದುಕೊಂಡಿದ್ದಾಳೆ. ಕಳೆದ ಸಲ ಸಿಕ್ಕಾಗ, ಅಪ್ಪನ ಎಡಗೈಯಲ್ಲಿ ಹುರಿ ಇಲ್ಲ, ಬಲಗೈಯಲ್ಲಿ ಇತ್ತು, ವಂಶವಾಹಿ ಎರಡೂ ಕೈಗೆ ಒಂದೇ ಆದರೆ ಹೀಗೆ ಹೇಗೆ ಆಯಿತು ಎಂದು ಕೇಳಿದಳು. ಭ್ರೂಣದಲ್ಲಿ ಕೈಗಳೆರಡೂ ಬೇರೆಬೇರೆಯಾಗಿ ಬೆಳೆಯುತ್ತವೆ, ಆ ಬೆಳವಣಿಗೆಯ ಸಣ್ಣ ಆಕಸ್ಮಿಕಗಳೂ ವಂಶವಾಹಿಯ ಜೊತೆಗೆ ಪಾತ್ರ ವಹಿಸುತ್ತವೆ, ಅನಿವಾರ್ಯವಲ್ಲದ ಅಂಗದಲ್ಲಿ ಅಂಥ ಆಕಸ್ಮಿಕ ಹೆಚ್ಚು ಎದ್ದು ಕಾಣುತ್ತದೆ ಎಂದು ಹೇಳಿದೆ. ಅಷ್ಟಕ್ಕೆ ಬಿಡಲಿಲ್ಲ, ಬೆರಳು ಮಡಚುವ ಆಳದ ಸ್ನಾಯುವಿನಲ್ಲಿ ಆ ಆಕಸ್ಮಿಕವನ್ನು ಯಾವುದು ತಡೆಯುತ್ತದೆ ಎಂಬುದನ್ನು ಓದಲು ಪುಸ್ತಕ ಬೇಕಂತೆ. ನನ್ನ ಹತ್ತಿರ ಇದ್ದ ಭ್ರೂಣಶಾಸ್ತ್ರದ ಪುಸ್ತಕ ಕೊಟ್ಟು ಕಳಿಸಿದ್ದೇನೆ.